ರಗ್ಗು ಅದುಮಿದ ಹಾಗೆ

"ಕೀ ಕೊಡ್ಲಾ! ಆಟೋ ಕೀ ಬ್ಯಾಗ್ನೆ ಕೊಡ್ಲಾ!"

ಕೊಡುವವರೆಗೆ ಅವ್ವ ಕಾಯಲಿಲ್ಲ. ನನ್ನ ಶರ್ಟಿನ ಜೇಬಿಗೆ ತಾನೇ ಕೈ ಹಾಕಿ ಕಿತ್ತುಕೊಂಡಳು. ಜೇಬಿನ ಹೊಲಿಗೆಯೂ ಹರಿಯಿತು. ಕೀಯನ್ನು ಅತ್ತಿಗೆಯ ಬಲಗೈಯಲ್ಲಿಟ್ಟು, ಬೆರಳು ಮಡಚಿ, ಮೇಲೆ ತನ್ನ ಕೈಯಿಂದ ಗಟ್ಟಿಯಾಗಿ ಹಿಡಿದಳು.

ಅತ್ತಿಗೆ ನಾಲೆಯ ಮೆಟ್ಟಿಲ ಮೇಲೆ ಬಿದ್ದಿದ್ದಳು. ಸೊಂಟದಿಂದ ಕೆಳಗೆ ನೀರಿನಲ್ಲಿ. ಕೈ ಅದುರುತ್ತಿತ್ತು. ಕಣ್ಣುಗುಡ್ಡೆ ಮೇಲಕ್ಕೆ ಹೋಗಿತ್ತು. ಹಲ್ಲು ಕಚ್ಚಿಕೊಂಡಿತ್ತು.

"ಫಿಟ್ಸು ಕಣವ್ವ, ಫಿಟ್ಸು. ಕಬ್ಣ ಇಡ್ಸು, ನಿಂತೋಯ್ತದೆ," ಎಂದಳು ನಮ್ಮ ಪಕ್ಕದ ಮನೆಯ ಪುಟ್ಟತಾಯಮ್ಮ.

ನಮ್ಮ ಕಡೆ ಫಿಟ್ಸ್ ಬಂದವರ ಕೈಗೆ ಕಬ್ಬಿಣ ಕೊಡುತ್ತಾರೆ. ಕುಡುಗೋಲು, ಬೀಗದ ಕೈ, ಏನು ಸಿಕ್ಕಿದರೆ ಅದು. ಬಟ್ಟೆ ಒಗೆಯುವ ಜಾಗದಲ್ಲಿ ಕಬ್ಬಿಣ ಎಲ್ಲಿಂದ ಬರಬೇಕು? ನನ್ನ ಕೀ ಇತ್ತು.

ಅದುರುವುದು ನಿಂತಿತು.

"ನೋಡ್ದಾ," ಎಂದಳು ಅವ್ವ. ಕೈ ಸಡಿಲ ಬಿಟ್ಟಳು. ಅತ್ತಿಗೆಯ ಬೆರಳುಗಳು ತಾವಾಗಿ ಬಿಚ್ಚಿಕೊಂಡವು. ಕೀ ಕಲ್ಲಿಗೆ ಒಂದು ಸಲ ತಗುಲಿ ನಾಲೆಗೆ ಜಾರಿತು.

ಅತ್ತಿಗೆಗೆ ಬಂದಿದ್ದು ಫಿಟ್ಸ್ ಅಲ್ಲ. ಅವಳ ಹಾರ್ಟ್ ನಿಂತುಹೋಗಿತ್ತು.

ನಾನು ಮಾದೇಶ. ಟಿ. ನರಸೀಪುರದ ಕಡೆ ಒಂದು ಹಳ್ಳಿ. ಎಂಟನೇ ಕ್ಲಾಸಿಗೆ ಸ್ಕೂಲು ಬಿಟ್ಟವನು. ಲಗೇಜ್ ಆಟೋ ಓಡಿಸುತ್ತೇನೆ. ಬಾಳೆಹಣ್ಣು, ತರಕಾರಿ ತುಂಬಿಕೊಂಡು ನಂಜನಗೂಡಿನ ಫ್ಯಾಕ್ಟರಿ ಕ್ಯಾಂಟೀನುಗಳಿಗೆ ಹಾಕುತ್ತೇನೆ. ನನ್ನ ಅಣ್ಣ ನಂಜುಂಡ ಅಲ್ಲೇ ಒಂದು ಫ್ಯಾಕ್ಟರಿಯಲ್ಲಿ ಕೆಲಸ ಮಾಡುತ್ತಾನೆ. ಅಣ್ಣನಿಗೂ ನನಗೂ ವಯಸ್ಸಿನ ಅಂತರ ಜಾಸ್ತಿ. ಅವನ ಹೆಂಡತಿ ಭಾಗ್ಯ, ನನ್ನ ಅತ್ತಿಗೆ. ಅವಳು ನಮ್ಮ ಮನೆಗೆ ಬಂದಾಗ ನಾನು ಅಂಬೆಗಾಲು ಇಡುತ್ತಿದ್ದೆನಂತೆ. ಅವ್ವ ಗದ್ದೆ ಕೂಲಿಗೆ ಹೋಗುತ್ತಿದ್ದಳು. ನನ್ನನ್ನು ಸಾಕಿದ್ದು ಅತ್ತಿಗೆ.

ಪಕ್ಷದ ಹಬ್ಬ ಹತ್ತಿರ ಬಂದಿತ್ತು. ಹಿರಿಯರಿಗೆ ಎಡೆ ಇಡುವ ಮೊದಲು ಮನೆಯಲ್ಲಿರುವ ರಗ್ಗು, ಕಂಬಳಿ, ದುಪ್ಪಟಿ ಎಲ್ಲವೂ ನೀರು ಕಾಣಬೇಕು. ಒಂದು ಹರಕು ಬಟ್ಟೆ ಉಳಿದರೂ ಅವ್ವ ಒಪ್ಪುವುದಿಲ್ಲ. ನಮ್ಮ ಬೀದಿಯ ಹೆಂಗಸರೆಲ್ಲ ಸೇರಿ ನನ್ನ ಆಟೋದಲ್ಲಿ ಗಂಟುಗಳನ್ನು ಹೇರಿಕೊಂಡು ಬೆಳಗ್ಗೆಯೇ ನಾಲೆಗೆ ಬಂದಿದ್ದರು. ಅತ್ತಿಗೆಗೆ ಒಂದು ವಾರದಿಂದ ಎದೆ ಉರಿ. ದವಡೆ ನೋವು. ಎಡಗೈ ಜೋಮು. ಗ್ಯಾಸು ಎಂದು ಸೋಡಾ ಕುಡಿದಳು. ಕೈಗೆ ನೀಲಗಿರಿ ಎಣ್ಣೆ ತಿಕ್ಕಿಸಿಕೊಂಡಳು. ಆಸ್ಪತ್ರೆಗೆ ಹೋಗೋಣ ಎಂದರೆ, "ಅಬ್ಬ ಮುಗೀಲಿ ಕಣ್ಲಾ, ಈಗ ಮನ್ಗುದ್ರೆ ನಿಮ್ಮವ್ವ ನನ್ನನ್ನೇ ಎಡೆ ಇಕ್ತಾಳೆ" ಎಂದು ನಕ್ಕಳು.

ನೆನೆದ ರಗ್ಗು ಎತ್ತಿ ಮೇಲಿನ ಮೆಟ್ಟಿಲಿಗೆ ಹಾಕುವಾಗ ಬಿದ್ದಳು.

ನಾನು ಅವಳ ಭುಜ ಹಿಡಿದು ಅಲ್ಲಾಡಿಸಿದೆ. "ಅತ್ಗೆ! ಅತ್ಗೆ!" ಇಲ್ಲ. ಮೂಗಿನ ಹತ್ತಿರ ಕೆನ್ನೆ ಇಟ್ಟೆ. ಗಾಳಿ ಇಲ್ಲ.

ನನಗೆ ಇದು ಹೇಗೆ ಗೊತ್ತು ಎಂದರೆ, ಒಂದು ಫ್ಯಾಕ್ಟರಿಯವರು ಒಳಗೆ ಗಾಡಿ ಬಿಡಬೇಕಾದರೆ ಡ್ರೈವರುಗಳೆಲ್ಲ ಸೇಫ್ಟಿ ಕ್ಲಾಸಿಗೆ ಕೂರಲೇಬೇಕು ಎಂದಿದ್ದರು. ಗೇಟ್ ಪಾಸ್ ಬೇಕಿತ್ತು, ಕೂತೆ. ಅಲ್ಲಿ ಕಾಲಿಲ್ಲದ ಒಂದು ರಬ್ಬರ್ ಗೊಂಬೆ. ಅದರ ಎದೆ ಒತ್ತಿಸಿದರು. ಸರಿಯಾಗಿ ಒತ್ತಿದರೆ ಟಕ್ ಅನ್ನುತ್ತಿತ್ತು. ನಾವು ಡ್ರೈವರುಗಳು ಗೊಂಬೆಗೆ ಒಂದು ಹೆಸರಿಟ್ಟು ಅವತ್ತೆಲ್ಲ ನಕ್ಕಿದ್ದೇ ನಕ್ಕಿದ್ದು. ಆದರೆ ಸೇಫ್ಟಿ ಸಾರ್ ಹೇಳಿದ ಮಾತು ತಲೆಯಲ್ಲಿ ಉಳಿದಿತ್ತು. ಕರೆದರೆ ಮಾತಾಡದಿದ್ದರೆ, ಉಸಿರು ಸರಿಯಾಗಿ ಇಲ್ಲದಿದ್ದರೆ, ಕಾಯಬೇಡಿ, ಒತ್ತಿ. ಹಾರ್ಟ್ ನಿಂತಾಗ ಕೆಲವರು ಫಿಟ್ಸ್ ಬಂದ ಹಾಗೆ ಅದುರುತ್ತಾರೆ, ಮೋಸ ಹೋಗಬೇಡಿ. ಸರಿಯಾಗಿ ಬರಲ್ಲ ಎಂದು ಸುಮ್ಮನೆ ಕೂರುವುದಕ್ಕಿಂತ ತಪ್ಪಾಗಿ ಒತ್ತುವುದು ಮೇಲು.

ಹೆಂಗಸರು ಅತ್ತಿಗೆಯನ್ನು ಎಳೆದು ಒದ್ದೆ ರಗ್ಗುಗಳ ರಾಶಿಯ ಮೇಲೆ ಮಲಗಿಸಿದ್ದರು. ಅದು ಹಾಸಿಗೆಯಷ್ಟು ಮೆತ್ತಗಿತ್ತು. ಹಾಸಿಗೆಯ ಮೇಲೆ ಒತ್ತಿದರೆ ಹಾಸಿಗೆ ತಗ್ಗುತ್ತದೆ, ಎದೆ ತಗ್ಗುವುದಿಲ್ಲ. ನಾನು ಅವಳ ಕಂಕುಳಿಗೆ ಕೈ ಹಾಕಿ ಬಟ್ಟೆ ಒಗೆಯುವ ಚಪ್ಪಡಿ ಕಲ್ಲಿನ ಮೇಲಕ್ಕೆ ಎಳೆದೆ.

"ಏನ್ಲಾ ಮಾಡ್ತಿದ್ದೀಯ? ಕಲ್ಮ್ಯಾಲೆ ಎಳೀತಾವ್ನೆ! ಕರುಳು ಇಲ್ವೇನ್ಲಾ ನಿಂಗೆ?"

ಅವ್ವ ಕೂಗುತ್ತಲೇ ಇದ್ದಳು. ನಾನು ಅತ್ತಿಗೆಯ ಎದೆಯ ನಡುವೆ ಅಂಗೈ ಊರಿದೆ.

ನಾಲೆ ಏರಿಯ ಮೇಲೆ ಎಮ್ಮೆ ಮೇಯಿಸುತ್ತಿದ್ದ ಕೆಂಪಣ್ಣ ಅಲ್ಲಿಂದಲೇ ಕೂಗಿದ. "ಲೇ ಮಾದೇಶ! ಅತ್ಗೆ ಅಂದ್ರೆ ತಾಯಿ ಸಮ ಕಣ್ಲಾ! ಅಷ್ಟ್ ಎಂಗಸ್ರ ಮುಂದೆ ಎಲ್ಲಿಗ್ಲಾ ಕೈ ಇಕ್ತಾ ಇದ್ದೀಯ? ಯಾರಾದ್ರೂ ಎಣ್ಮಕ್ಳು ಮಾಡ್ಲಿ, ನೀನು ಎದ್ದೇಳು!"

ಪುಟ್ಟತಾಯಮ್ಮನಿಗೂ ಅದು ಸರಿ ಎನಿಸಿತು. ನನ್ನನ್ನು ಪಕ್ಕಕ್ಕೆ ತಳ್ಳಿ ತಾನು ಕೂತಳು. ಮಗುವಿಗೆ ಎಣ್ಣೆ ಹಚ್ಚುವ ಹಾಗೆ ಎದೆ ಸವರಿದಳು.

"ಅಂಗಲ್ಲ!"

"ಮತ್ತೆ ಎಂಗ್ಲಾ?"

"ಸರ್ಕೋ ಅತ್ಲಾಗೆ."

ನಾನೇ ಕೂತೆ. ಎರಡು ಕೈ ಒಂದರ ಮೇಲೊಂದು. ಮೊಣಕೈ ಮಡಚದೆ, ಮೈ ಭಾರವನ್ನೆಲ್ಲ ಬಿಟ್ಟೆ. ಮೊದಲ ಸಲ ಅರ್ಧ ಹೋಯಿತು. ಇನ್ನೂ ಜೋರಾಗಿ ಒತ್ತಿದೆ. ಮತ್ತೆ. ಮತ್ತೆ.

ಒಳಗೆ ಏನೋ ಲಟಕ್ ಎಂದಿತು.

ಗೊಂಬೆಯ ಟಕ್ ಅಲ್ಲ. ಮೂಳೆ. ಒಣಗಿದ ಜೋಳದ ದಂಟು ಮುರಿದ ಹಾಗೆ. ಅಂಗೈಯಲ್ಲೇ ಗೊತ್ತಾಯಿತು. ಎಲ್ಲರಿಗೂ ಕೇಳಿಸಿತು. ಒಬ್ಬಳು ಕಿಟಾರನೆ ಕಿರುಚಿದಳು. ನಾನು ಕೈ ನಿಲ್ಲಿಸಲಿಲ್ಲ. ಮೂಳೆ ಮುರಿದರೂ ನಿಲ್ಲಿಸಬೇಡಿ ಎಂದು ಆ ಸಾರ್ ಹೇಳಿದ್ದರು. ಅವರು ಹೇಳದೆ ಇದ್ದಿದ್ದರೆ ನಾನು ಅಲ್ಲಿಗೇ ನಿಲ್ಲಿಸುತ್ತಿದ್ದೆ. ಅದು ಖಂಡಿತ.

"ಆಟೋಗೆ ಆಕ್ಲಾ, ನರಸೀಪುರಕ್ಕೆ ಓಡ್ಸು!" ಎಂದು ಯಾರೋ ಕೂಗಿದರು.

"ಕೀ ಎಲ್ಲಿ?"

ಎಲ್ಲರೂ ಅವ್ವನ ಮುಖ ನೋಡಿದರು. ಅವ್ವ ನೀರು ನೋಡಿದಳು. ಇಬ್ಬರು ಸೊಂಟದವರೆಗೆ ಇಳಿದು ಕಾಲಲ್ಲಿ ತಡಕಾಡಿದರು. ನಾಲೆ ತುಂಬಿ ಹರಿಯುತ್ತಿತ್ತು. ಎಲ್ಲಿ ಸಿಗುತ್ತದೆ?

"ಬುಡಿ ಅದ್ನ! ನನ್ನ ಫೋನ್ ತಗಳಿ. 108ಕ್ಕೆ ಒತ್ತಿ ಸ್ಪೀಕರ್‌ಗೆ ಆಕಿ. ಕೆಂಪಣ್ಣ, ನೀನು ಮೇನ್ ರೋಡಿಗೆ ಓಗಿ ನಿಂತ್ಕೊ. ಆಂಬುಲೆನ್ಸಿಗೆ ಈ ಏರಿ ದಾರಿ ಗೊತ್ತಾಗಲ್ಲ."

"ಎಮ್ಮೆ?"

"ಎಮ್ಮೆ ಮನೆ ಆಳಾಗ! ಓಡು!"

ಓಡಿದ. ಪಂಚೆ ಎತ್ತಿ ಕಟ್ಟಿಕೊಂಡು ಓಡಿದ. ಬೈದವನೇ ಓಡಿದ. ಅದನ್ನು ಇಲ್ಲಿ ಹೇಳಲೇಬೇಕು.

ಆಗ ಅತ್ತಿಗೆ ಬಾಯಿ ತೆರೆದಳು. ಗೊರ್ ಎಂದು ಒಂದು ಉಸಿರು ಎಳೆದಳು. ನಿಂತಿತು. ತುಂಬಾ ಹೊತ್ತು ಬಿಟ್ಟು ಇನ್ನೊಂದು. ಅವ್ವ ಎದೆ ಬಡಿದುಕೊಂಡಳು.

"ಮೇಲುಸ್ರು ಬಂತು ಕಣ್ರವ್ವಾ! ಓಯ್ತಾವ್ಳೆ ನನ್ ಸೊಸೆ! ಬಾಯ್ಗೆ ನೀರ್ ಬುಡ್ರವ್ವಾ, ಬಾಯಾರ್ಕಂಡು ಓಗ್ಬಾರ್ದು!"

ಮೇಲುಸಿರು ಬಂದರೆ ನಮ್ಮಲ್ಲಿ ಎಲ್ಲರೂ ಕೈಬಿಡುತ್ತಾರೆ. ಬಾಯಿಗೆ ನೀರು ಬಿಟ್ಟು ಕಳಿಸಿಕೊಡುವುದೊಂದೇ ಬಾಕಿ. ಅವ್ವ ಆಗಲೇ ಬೊಗಸೆಯಲ್ಲಿ ನಾಲೆ ನೀರು ತಂದಿದ್ದಳು. ಸೊಸೆಗೆ ಕೊನೆಯ ಗುಟುಕು ತಾನೇ ಕೊಡಬೇಕು ಎಂದು ಬಂದಿದ್ದಳು. ಆ ಕೈಯನ್ನು ನಾನು ಮೊಣಕೈಯಿಂದ ತಳ್ಳಿಬಿಟ್ಟೆ. ನೀರೆಲ್ಲ ಕಲ್ಲಿಗೆ ಚೆಲ್ಲಿತು.

"ಸತ್ತಿಲ್ಲ ಕಣವ್ವಾ ಅವ್ಳು! ಒಂದು ತೊಟ್ಟು ಬಾಯಿಗೆ ಬಿದ್ರೂ ನಾನು ಸುಮ್ನಿರಲ್ಲ! ಸರಿ ಅತ್ಲಾಗೆ!"

ಹೆತ್ತ ತಾಯಿಗೆ ಹಾಗೆ ಯಾವತ್ತೂ ಕೂಗಿರಲಿಲ್ಲ. ಅವ್ವ ಒದ್ದೆ ಕೈ ಹಾಗೇ ಹಿಡಿದುಕೊಂಡು ಹಿಂದಕ್ಕೆ ಕೂತಳು.

ನಾನು ಮೂಟೆ ಹೊರುವವನು. ಬಾಳೆಗೊನೆ ಇಳಿಸುವವನು. ತೋಳಿನಲ್ಲಿ ಶಕ್ತಿ ಇದೆ ಎಂದುಕೊಂಡಿದ್ದೆ. ಸುಳ್ಳು. ಸ್ವಲ್ಪ ಹೊತ್ತಿಗೇ ತೋಳು ಸೋಲುತ್ತದೆ. ಒತ್ತುತ್ತಿದ್ದೇನೆ ಎಂದು ನನಗನಿಸುತ್ತಿತ್ತು, ಆದರೆ ಎದೆ ತಗ್ಗುತ್ತಿರಲಿಲ್ಲ. ಬೆವರು ಕಣ್ಣಿಗೆ ಇಳಿದು ಅತ್ತಿಗೆಯ ಮುಖ ಕಾಣಿಸುತ್ತಿರಲಿಲ್ಲ. ಒಬ್ಬನಿಂದ ಇದು ಆಗುವುದಿಲ್ಲ ಎಂದು ಆಗ ಗೊತ್ತಾಯಿತು. ಸುತ್ತ ಹೆಂಗಸರು. ಅವರು ಸವರುತ್ತಾರೆಯೇ ಹೊರತು ಒತ್ತುವುದಿಲ್ಲ. ಮುರಿದ ಎದೆಯ ಮೇಲೆ ಇನ್ನಷ್ಟು ಒತ್ತಿ ಎಂದರೆ ಯಾರು ಒತ್ತುತ್ತಾರೆ?

ಪಕ್ಕದಲ್ಲಿ ಅರ್ಧ ಒಗೆದ ರಗ್ಗು ಬಿದ್ದಿತ್ತು. ನೊರೆ ಇನ್ನೂ ಇತ್ತು. ನೆನೆದ ರಗ್ಗನ್ನು ಇವರು ಹೇಗೆ ಒಗೆಯುತ್ತಾರೆ ಎಂದು ನಾನು ಚಿಕ್ಕಂದಿನಿಂದ ನೋಡಿದ್ದೇನೆ. ಹಿಂಡಲು ಆಗುವುದಿಲ್ಲ, ಅಷ್ಟು ಭಾರ. ಮಡಚಿ ಕಲ್ಲಿನ ಮೇಲೆ ಹಾಕಿ, ಮಂಡಿಯೂರಿ, ಎರಡು ಕೈ ಜೋಡಿಸಿ, ಮೈ ಭಾರ ಬಿಟ್ಟು ಅದುಮುತ್ತಾರೆ. ಕೊಳೆ ನೀರು ಹೊರಗೆ ಬರುತ್ತದೆ. ಕೈ ಬಿಟ್ಟರೆ ರಗ್ಗು ಮತ್ತೆ ಉಬ್ಬುತ್ತದೆ. ಮತ್ತೆ ಅದುಮುತ್ತಾರೆ.

"ಪುಟ್ಟತಾಯಕ್ಕ! ರಗ್ಗು ಅದುಮ್ತೀಯಲ್ಲ, ಅಂಗೆ!"

"ರಗ್ಗು ಅದುಮ್ದಂಗಾ?"

"ಊಂ. ಅದುಮಿ ಬುಡು, ಅದುಮಿ ಬುಡು. ಉಬ್ಬೋಕೆ ಬುಟ್ಟು ಮತ್ತೆ ಅದುಮು. ಇವ್ಳು ಭಾಗ್ಯ ಅಂತ ನೋಡ್ಬೇಡ. ಕೊಳೆ ರಗ್ಗು ಅನ್ಕೊ."

ಪುಟ್ಟತಾಯಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಎದುರಿಗೆ ಮಂಡಿಯೂರಿದಳು. ನಾನು ಕೈ ತೆಗೆದ ಜಾಗಕ್ಕೆ ಅವಳ ಕೈ ಬಂತು. ಅದುಮಿದಳು.

ಎದೆ ತಗ್ಗಿತು. ಪೂರ್ತಿ ತಗ್ಗಿತು.

"ಇಂಗಾ?"

"ಇಂಗೇ ಕಣಕ್ಕ! ಜೋರಾಗಿ! ಇನ್ನೂ ಬ್ಯಾಗ್ನೆ!"

ಅವಳು ಸೋತಾಗ ಇನ್ನೊಬ್ಬಳು, ಅವಳು ಸೋತಾಗ ನಾನು, ನಾನು ಸೋತಾಗ ಮತ್ತೆ ಪುಟ್ಟತಾಯಮ್ಮ. ಉಳಿದವರಲ್ಲಿ ನಾಲ್ಕು ಮಂದಿ ಒಂದು ದುಪ್ಪಟಿಯನ್ನು ಸುತ್ತ ಹಿಡಿದು ಮರೆ ಮಾಡಿದರು. ನನಗೆ ಅದು ಬೇಕಿರಲಿಲ್ಲ. ಆದರೆ ಮರೆ ಬಂದ ಮೇಲೆ ಅವರ ಸಂಕೋಚ ಹೋಯಿತು, ಕೈ ಬಿಗಿಯಾಯಿತು. ಯಾರೂ ಅಳುತ್ತಿರಲಿಲ್ಲ. ಕೆಲಸದಲ್ಲಿದ್ದಾಗ ಅಳುವುದಕ್ಕೆ ಉಸಿರು ಎಲ್ಲಿರುತ್ತದೆ? "ಅದುಮು, ಬುಡು, ಅದುಮು, ಬುಡು" ಎಂದು ಅವರವರೇ ಹೇಳಿಕೊಳ್ಳುತ್ತಿದ್ದರು. ಒಬ್ಬಳು ನಿಧಾನ ಮಾಡಿದರೆ ಇನ್ನೊಬ್ಬಳು, "ಏನವ್ವ, ಸೋಪು ಸವೀತದೆ ಅಂತ ನೋಡ್ತಿದ್ದೀಯಾ?" ಎಂದು ಬೈಯುತ್ತಿದ್ದಳು. ಫೋನಿನಲ್ಲಿ 108ರ ಹುಡುಗಿ, "ನಿಲ್ಲಿಸಬೇಡಿ, ಗಾಡಿ ಬರ್ತಾ ಇದೆ, ನಿಲ್ಲಿಸಬೇಡಿ" ಎನ್ನುತ್ತಲೇ ಇದ್ದಳು.

ಎಷ್ಟು ಹೊತ್ತು ಎಂದು ನನಗೆ ಗೊತ್ತಿಲ್ಲ. ನನ್ನ ಕೇಳಿದರೆ ಅರ್ಧ ದಿನ.

ಆಂಬುಲೆನ್ಸಿನ ಮುಂದಿನ ಸೀಟಿನಲ್ಲಿ ಕೆಂಪಣ್ಣ ಕೂತು ಬಂದ. ಅದರಲ್ಲಿ ಶಾಕ್ ಕೊಡುವ ಮಷಿನ್ ಇತ್ತು. ಅತ್ತಿಗೆಯ ಮೈ ಒರೆಸಿ ಅಂಟು ಹಾಳೆ ಹಚ್ಚಿದರು. ಎಲ್ಲರೂ ದೂರ ನಿಲ್ಲಿ ಎಂದರು. ಮೈ ಒಂದು ಸಲ ಎಗರಿತು. ಏನಿಲ್ಲ. ಮತ್ತೆ ಒತ್ತಿದರು. ಮತ್ತೆ ಶಾಕ್.

"ಪಲ್ಸ್ ಬಂತು," ಎಂದ ಆಂಬುಲೆನ್ಸಿನ ಹುಡುಗ.

ಪುಟ್ಟತಾಯಮ್ಮ ಅಲ್ಲೇ ನೀರಿನಲ್ಲಿ ಕುಸಿದು ಕೂತು ವಾಂತಿ ಮಾಡಿಕೊಂಡಳು.

ನರಸೀಪುರದ ಆಸ್ಪತ್ರೆಯಲ್ಲಿ ಲೇಡಿ ಡಾಕ್ಟರ್ ಹೊರಗೆ ಬಂದು, "ಯಾರ್ರೀ ಸಿಪಿಆರ್ ಮಾಡಿದ್ದು?" ಎಂದರು. ಗದರಿದ ಹಾಗೆ ಕೇಳಿಸಿತು. ಸಿಪಿಆರ್ ಎಂದರೆ ಏನು ಎಂದು ಹೆಂಗಸರು ನನ್ನ ಮುಖ ನೋಡಿದರು.

"ಎದೆ ಒತ್ತಿದ್ದು ಯಾರು ಅಂದೆ."

ಪುಟ್ಟತಾಯಮ್ಮ ಎದ್ದು ನಿಂತಳು. "ನಾವೇ ಕಣವ್ವ. ನಮ್ ಬೀದಿಯೋರೇ ಎಲ್ಲಾರೂವೆ. ಮೂಳೆ ಮುರೀತು ಅಂತ ಕೇಸ್ ಆಯ್ತದಾ?"

"ಕೇಸಾ? ನೀವು ಒತ್ತದೆ ಇದ್ದಿದ್ರೆ ನಾನು ಇಲ್ಲಿ ಮಾಡೋದು ಏನೂ ಇರ್ತಿರಲಿಲ್ಲಮ್ಮ. ಈಗಲೂ ಗ್ಯಾರಂಟಿ ಕೊಡಲ್ಲ. ಹಾರ್ಟ್ ಅಟ್ಯಾಕ್ ಆಗಿದೆ, ಮೈಸೂರಿಗೆ ಕರ್ಕೊಂಡು ಹೋಗಬೇಕು." ನನ್ನ ಕಡೆ ತಿರುಗಿ ಕೇಳಿದರು, "ನಿಮ್ಮ ಹತ್ತಿರ ಗಾಡಿ ಇತ್ತಂತೆ. ಯಾಕೆ ಅದರಲ್ಲಿ ತರಲಿಲ್ಲ?"

ಕೀ ಕಥೆ ಹೇಳಿದೆ. ಡಾಕ್ಟರ್ ಅವ್ವನನ್ನೇ ನೋಡಿದರು. ನಗಬೇಕೋ ಬೇಡವೋ ಎಂದು ಅವರಿಗೂ ಗೊತ್ತಾಗಲಿಲ್ಲ.

"ಗಾಡಿಗೆ ಹಾಕಿಕೊಂಡು ಹೊರಟಿದ್ದರೆ ನೀವು ಓಡಿಸ್ತಾ ಇರ್ತಿದ್ರಿ. ಹಿಂದೆ ಒತ್ತೋರು ಯಾರು?"

ಅದನ್ನು ನಾನು ಯೋಚಿಸಿರಲಿಲ್ಲ. ಕೀ ಇದ್ದಿದ್ದರೆ ನಾನು ಆಟೋಗೆ ಹಾಕಿಕೊಂಡು ಹಾರನ್ ಹೊಡೆಯುತ್ತಾ ಓಡಿಸಿಯೇ ಓಡಿಸುತ್ತಿದ್ದೆ. ಮೊದಲು ತಲೆಗೆ ಬರುವುದೇ ಅದು. ಹಿಂದೆ ಹೆಂಗಸರು ಅವಳ ತಲೆ ತೊಡೆಯ ಮೇಲಿಟ್ಟುಕೊಂಡು ಅಳುತ್ತಾ ಕೂತಿರುತ್ತಿದ್ದರು. ನರಸೀಪುರ ಮುಟ್ಟುವಷ್ಟರಲ್ಲಿ ಮುಗಿದಿರುತ್ತಿತ್ತು. ಅವ್ವ ಇವತ್ತಿಗೂ ಹೇಳುತ್ತಾಳೆ, "ಕಬ್ಣ ಇಡ್ದಿದ್ಕೇ ಜೀವ ನಿಂತ್ಕತ್ತು" ಎಂದು. ಅದು ತಪ್ಪು. ಫಿಟ್ಸ್ ಬಂದರೂ ಕಬ್ಬಿಣ ಹಿಡಿಸಿ ಪ್ರಯೋಜನವಿಲ್ಲ ಎಂದು ಡಾಕ್ಟರೇ ಹೇಳಿದರು. ಆದರೂ ಅವ್ವನ ಜೊತೆ ವಾದ ಮಾಡಲು ಹೋದಾಗೆಲ್ಲ ನಾಲೆಗೆ ಜಾರಿದ ಆ ಕೀ ನೆನಪಾಗುತ್ತದೆ.

ಅಣ್ಣ ನಂಜನಗೂಡಿನಿಂದ ಫ್ಯಾಕ್ಟರಿಯ ಯೂನಿಫಾರ್ಮಿನಲ್ಲೇ ಮೈಸೂರಿಗೆ ಬಂದ. ಅವನಿಗೆ ಫೋನ್ ಮಾಡಿದವರು ಏನು ಹೇಳಿದ್ದರೋ, ಬಂದವನೇ ನನ್ನ ಕೊರಳಪಟ್ಟಿ ಹಿಡಿದ.

"ಏನ್ಲಾ ಮಾಡ್ದೆ ನನ್ ಎಂಡ್ತಿಗೆ? ಪಕ್ಕೆ ಮುರ್ದವ್ನೆ ಅಂತಾರಲ್ಲೋ! ಅಳ್ಳಿಯೆಲ್ಲಾ ಆಡ್ಕತಾವ್ರಂತೆ!"

"ಮುರ್ದಿದ್ದೀನಿ. ಬದ್ಕವ್ಳೆ. ಒಳಗೆ ಓಗಿ ನೋಡು."

ಹೋಗಿ ನೋಡಿದ. ಬಾಯಲ್ಲಿ ಪೈಪು, ಸುತ್ತ ಮಷಿನ್ನು. ಹೊರಗೆ ಬಂದು ನನ್ನ ಪಕ್ಕ ಕೂತ. ಆಮೇಲೆ ತುಂಬಾ ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ.

ರಕ್ತನಾಳದಲ್ಲಿ ಬ್ಲಾಕ್ ಇತ್ತು. ಸ್ಟೆಂಟ್ ಹಾಕಿದರು. ಐಸಿಯುನಲ್ಲಿ ಕಣ್ಣು ಬಿಟ್ಟ ಅತ್ತಿಗೆ ಮೊದಲು ಕೇಳಿದ್ದು, "ರಗ್ಗು ಒಗ್ಯೋಕೆ ಓಗದು ಯಾವಾಗ?" ಅಂತ. ಅಷ್ಟು ಕೇಳಿದ ಮೇಲೆ ನಾನು ಆಸ್ಪತ್ರೆಯ ಹಿಂದೆ ಹೋಗಿ ಅತ್ತೆ. ನಾಲೆಗೆ ಹೋಗಿದ್ದು, ಬಿದ್ದಿದ್ದು ಅವಳಿಗೆ ನೆನಪೇ ಇಲ್ಲ. ಇವತ್ತಿಗೂ ಇಲ್ಲ.

ಮನೆಗೆ ಬಂದ ಮೇಲೆ ಬೇರೆ ಕಾಟ ಶುರುವಾಯಿತು. ಕೆಮ್ಮಿದರೆ ನೋವು, ಸೀನಿದರೆ ನೋವು, ಮಗ್ಗುಲು ಬದಲಿಸಿದರೆ ನೋವು. ದಿಂಬನ್ನು ಎದೆಗೆ ಅವುಚಿಕೊಂಡು ಕೆಮ್ಮುತ್ತಿದ್ದಳು. ಹಾರ್ಟ್ ಪಂಪಿಂಗ್ ಕಮ್ಮಿ ಇದೆ, ಭಾರ ಎತ್ತುವಂತಿಲ್ಲ, ಉಪ್ಪು ತಿನ್ನುವಂತಿಲ್ಲ. ಡೇರಿಗೆ ಹಾಲು ಹಾಕಲು ಅತ್ತಿಗೆಯ ಬದಲು ಅಣ್ಣ ಹೋಗುತ್ತಿದ್ದ. ಅವ್ವ ಉಪ್ಪಿಲ್ಲದ ಸಾರು ಮಾಡಿ, ತಾನೂ ಅದನ್ನೇ ತಿಂದು, ಎಲ್ಲರ ಮೇಲೂ ರೇಗುತ್ತಿದ್ದಳು.

ಅದೆಲ್ಲ ತಡೆದುಕೊಳ್ಳಬಹುದು. ಹಣ್ಣು ಹಿಡಿದುಕೊಂಡು ನೋಡಲು ಬಂದ ಯಾರೋ ಒಬ್ಬಳು ಅತ್ತಿಗೆಯ ಕಿವಿಗೆ ಊದಿ ಹೋದಳು. ಅಷ್ಟು ಜನರ ಮುಂದೆ ನಿನ್ನ ಮೈದುನ ಹೀಗೆ ಹೀಗೆ ಮಾಡಿದ ಎಂದು. ಆಮೇಲೆ ನಾನು ಒಳಗೆ ಬಂದರೆ ಅತ್ತಿಗೆ ಸೆರಗು ಸರಿ ಮಾಡಿಕೊಂಡು ಗೋಡೆ ಕಡೆ ತಿರುಗುತ್ತಿದ್ದಳು. ತಟ್ಟೆ ಇಟ್ಟರೆ ನಾನು ಆಚೆ ಹೋಗುವವರೆಗೆ ಮುಟ್ಟುತ್ತಿರಲಿಲ್ಲ. ಅವಳು ಬದುಕಿದಳು, ಸರಿ. ಆದರೆ ನನಗೆ ಅತ್ತಿಗೆ ಇಲ್ಲವಾದಳು. ನಾನು ಆಟೋದಲ್ಲೇ ಊಟ, ಆಟೋದಲ್ಲೇ ನಿದ್ದೆ ಎಂದು ದಿನ ತಳ್ಳಿದೆ. ಯಾಕೆ ಹೀಗೆ ಎಂದು ಕೇಳುವ ಜಾತಿ ನಾನಲ್ಲ.

ಒಂದು ಮಧ್ಯಾಹ್ನ ಅವಳೇ ಕರೆದಳು.

"ಮಾದೇಶ. ಬಾ ಇಲ್ಲಿ. ಕುಂತ್ಕೊ."

ಕೂತೆ. ಪುಟ್ಟತಾಯಮ್ಮ ಅಲ್ಲೇ ಸೊಪ್ಪು ಬಿಡಿಸುತ್ತಾ ಕೂತಿದ್ದಳು. ನಡೆದಿದ್ದೆಲ್ಲ ಅವಳೇ ಅತ್ತಿಗೆಗೆ ಬಿಡಿಸಿ ಹೇಳಿದ್ದಳು ಎಂದು ಆಮೇಲೆ ಗೊತ್ತಾಯಿತು.

"ನಾನು ಈ ಮನೆಗೆ ಬಂದಾಗ ನಿಂಗೆ ಕುಂಡಿ ತೊಳ್ಕೊಳೋಕೂ ಬತ್ತಿರ್ಲಿಲ್ಲ ಕಣ್ಲಾ. ತೊಡೆ ಮ್ಯಾಲೆ ಮನಗಿಸ್ಕೊಂಡು ನೀರ್ ಉಯ್ದೋಳು ನಾನು. ಅವತ್ತು ಯಾರಾದ್ರೂ ಆಡ್ಕಂಡ್ರಾ?"

"ಇಲ್ಲ."

"ಮತ್ತೆ ನಾನ್ಯಾವ ಮೂದೇವಿ ಅಂತ ಆ ಮಾತು ಕೇಳ್ದೆ? ಬುಡು. ಇನ್ಮ್ಯಾಕೆ ಒಳಗೆ ಬಂದು ಉಣ್ಣು."

"ಊಂ."

"ಆದ್ರೂ ಸ್ವಲ್ಪ ಮೆತ್ತಗೆ ಒತ್ತಬಾರ್ದಾಗಿತ್ತಾ? ಗೂಳಿ ತುಳ್ದಂಗೆ ತುಳ್ದಿದ್ದೀಯ."

"ಅದ್ರಾಗೆ ಅರ್ಧ ನಂದು ಕಣೆ," ಎಂದಳು ಪುಟ್ಟತಾಯಮ್ಮ, ಸೊಪ್ಪಿನಿಂದ ತಲೆ ಎತ್ತದೆ.

ಅತ್ತಿಗೆ ನಕ್ಕಳು. ನಕ್ಕು ನೋವಾಗಿ ದಿಂಬು ಅವುಚಿಕೊಂಡಳು. ನೋವಿನಲ್ಲೇ ಮತ್ತೆ ನಕ್ಕಳು.

ಅಣ್ಣ ಕೆಲಸದಿಂದ ಬಂದ ಮೇಲೆ ಅವಳೇ ಹೇಳಿದಳು, "ಇವ್ರಿಗೂ ಅದ್ನ ಏಳ್ಕೊಡು. ನಾಳೆ ನೀನಿಲ್ದಾಗ ನಾನು ಬಿದ್ರೆ ಇವ್ರು ಕಬ್ಣ ಉಡುಕ್ತಾ ಕೂರ್ತಾರೆ."

ಪಡಸಾಲೆಯಲ್ಲಿ ರಗ್ಗು ಸುತ್ತಿ ಹಾಕಿದೆ. ಅಣ್ಣ ಮಂಡಿಯೂರಿದ. ಮೊಣಕೈ ಮಡಚಿ ಮೆಲ್ಲಗೆ ಒತ್ತಿದ.

"ಏನ್ರೀ ಅದು, ರಾಗಿ ಇಟ್ಟು ನಾದ್ತಿದ್ದೀರಾ?" ಎಂದಳು ಅತ್ತಿಗೆ ಮಂಚದ ಮೇಲಿಂದ. "ನಾನು ಸತ್ತಿದ್ದೀನಿ ಅನ್ಕೊಂಡು ಒತ್ರಿ."

ಅಣ್ಣ ಒತ್ತಿದ. ಜೋರಾಗಿ ಒತ್ತಿದ. ಒತ್ತುತ್ತಾ ಇದ್ದವನು ಹಾಗೇ ಕೈ ನಿಲ್ಲಿಸಿ ರಗ್ಗಿನ ಮೇಲೆ ತಲೆ ಬಗ್ಗಿಸಿಬಿಟ್ಟ. ಭುಜ ಅಲ್ಲಾಡುತ್ತಿತ್ತು.

"ನಿಲ್ಲಿಸ್ಬಾರ್ದು ಕಣಣ್ಣ," ಎಂದೆ ನಾನು. "ಅತ್ತರೂ ಒತ್ತುತ್ತಾ ಅಳ್ಬೇಕು."

ಮತ್ತೆ ಒತ್ತಿದ.

ಅಣ್ಣನಿಗೆ ಹೇಳಿಕೊಟ್ಟು ಇನ್ನೂ ಹೆಚ್ಚು ದಿನ ಆಗಿಲ್ಲ. ಅತ್ತಿಗೆಗೆ ದಿನಕ್ಕೆ ಎರಡು ಹೊತ್ತು ಮಾತ್ರೆ. ಮುಂದೆ ಹೇಗೋ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲವಂತೆ. ಇವತ್ತು ಬೆಳಗ್ಗೆ ನಡೆದುಕೊಂಡು ಡೇರಿಯವರೆಗೆ ಹೋಗಿ ಬಂದಳು. ಕೀ ಸಿಗಲಿಲ್ಲ, ಬೇರೆ ಮಾಡಿಸಿದ್ದೇನೆ. ಹೇಳಲು ಇನ್ನೇನೂ ಇಲ್ಲ.